ಫೈಬರ್ ಬೆಳಕನ್ನು ಹೊಂದಿಸುವ, ತಿರುಗಿಸುವ ಕನೆಕ್ಟರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಕೂತು ಫೈಬರ್ (ಬೆಳಕಿನಲ್ಲಿ ಮಾಹಿತಿ ಸಾಗಿಸುವ ಗಾಜಿನ ಎಳೆ) ಕನೆಕ್ಟರ್ ಡಿಸೈನ್ ಮಾಡುತ್ತೇನೆ ಅಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ. ಕೇಳುವವರು ಮೂರು ಥರ. ಕೊನೆ ವರ್ಷದ ಪ್ರಾಜೆಕ್ಟ್ ಹುಡುಕುವ ಎಂಜಿನಿಯರಿಂಗ್ ಮಕ್ಕಳು, ಮಳೆಗಾಲದಲ್ಲಿ ಮರ ಬಿದ್ದು ಹರಿದ ಕೇಬಲ್ ಹಿಂದೆ ಓಡಾಡುವ ಹುಡುಗರು, ಮತ್ತೆ ಮದುವೆ ಮನೆ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತ ನೆಂಟರು. ಎಲ್ಲರಿಗೂ ಅದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಇನ್ನು ಮೇಲೆ ಲಿಂಕ್ ಕಳಿಸಿದರೆ ಆಯ್ತು.

ಕನೆಕ್ಟರ್ ಅಂದ್ರೆ ಎರಡು ವೈರ್ ಸೇರಿಸೋದು ತಾನೇ? ಅದರಲ್ಲಿ ಡಿಸೈನ್ ಮಾಡೋಕೆ ಏನಿದೆ?

ತಾಮ್ರದ ವೈರ್ ಆಗಿದ್ದರೆ ನಿಮ್ಮ ಮಾತು ಸರಿ. ಎರಡು ತುದಿ ತಿರುಚಿ ಟೇಪ್ ಸುತ್ತಿದರೂ ಕರೆಂಟ್ ಹರಿಯುತ್ತದೆ. ಬೆಳಕು ಹಾಗೆ ದಾರಿ ಹುಡುಕಿಕೊಂಡು ಹೋಗುವುದಿಲ್ಲ. ಎದುರಿಗೆ ಬಾಯಿ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ.

ನಮ್ಮ ಕಡೆ ಗುಡ್ಡದ ಅಬ್ಬಿ ನೀರನ್ನು ಅಡಿಕೆ ದಂಬೆಯಲ್ಲಿ (ಸೀಳಿ ಕಾಲುವೆ ಥರ ಮಾಡಿದ ಅಡಿಕೆ ಮರ) ಮನೆಗೆ ತರುತ್ತಿದ್ದರಲ್ಲ, ಅದನ್ನು ನೆನೆಸಿಕೊಳ್ಳಿ. ಒಂದು ದಂಬೆಯ ತುದಿ ಇನ್ನೊಂದರ ಬಾಯಿಗೆ ಸರಿಯಾಗಿ ಕೂರಬೇಕು. ಒಂದು ಕೈ ಅಗಲ ಪಕ್ಕಕ್ಕೆ ಸರಿದರೆ ನೀರೆಲ್ಲ ನೆಲಕ್ಕೆ. ಫೈಬರ್‌ನಲ್ಲೂ ಇದೇ ಕಥೆ, ಆದರೆ ಆ ದಂಬೆಯ ಅಗಲ ಸುಮಾರು 9 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ). ಸಿಂಗಲ್ ಮೋಡ್, ಅಂದರೆ ಬೆಳಕು ಒಂದೇ ದಾರಿಯಲ್ಲಿ ಹೋಗುವ ಫೈಬರ್‌ನ ಗಾಜಿನ ಹೊರ ವ್ಯಾಸ 125 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ಸ್ವಲ್ಪ ದಪ್ಪ. ಬೆಳಕು ಹೋಗುವ ಕೋರ್ ಅದರ ನಟ್ಟನಡುವೆ, ಹತ್ತಿರ ಹತ್ತಿರ 9 ಮೈಕ್ರಾನ್. ಬೆಳಕು ಹಲವು ದಾರಿಯಲ್ಲಿ ಹೋಗುವ ಮಲ್ಟಿ ಮೋಡ್ ಆದರೆ ಕೋರ್ 50 ಅಥವಾ 62.5 ಮೈಕ್ರಾನ್, ಅಲ್ಲಿ ಸ್ವಲ್ಪ ಉಸಿರಾಡಬಹುದು.

ಎಷ್ಟು ಸರಿದರೆ ಎಷ್ಟು ನಷ್ಟ?

ಸಿಂಗಲ್ ಮೋಡ್‌ಗೆ ಒಂದು ಸುಲಭದ ಲೆಕ್ಕ ಇದೆ. ಪಕ್ಕಕ್ಕೆ ಸರಿದ ದೂರವನ್ನು ಬೆಳಕಿನ ಮಚ್ಚೆಯ ತ್ರಿಜ್ಯದಿಂದ ಭಾಗಿಸಿ, ವರ್ಗ ಮಾಡಿ, 4.34ರಿಂದ ಗುಣಿಸಿ. ಬಂದ ಉತ್ತರ ಡಿಬಿಯಲ್ಲಿ (ಡೆಸಿಬೆಲ್, ಬೆಳಕು ಎಷ್ಟು ಕುಗ್ಗಿತು ಅನ್ನುವ ಅಳತೆ) ನಷ್ಟ. 1310 ನ್ಯಾನೋಮೀಟರ್ ಬೆಳಕಿಗೆ ಆ ತ್ರಿಜ್ಯ ಸುಮಾರು 4.6 ಮೈಕ್ರಾನ್. ಹಾಗಾಗಿ 1 ಮೈಕ್ರಾನ್ ಸರಿದರೆ 0.2 ಡಿಬಿ, ಪರವಾಗಿಲ್ಲ. 2 ಮೈಕ್ರಾನ್‌ಗೆ 0.8 ಡಿಬಿ. 3ಕ್ಕೆ ಹತ್ತಿರ ಹತ್ತಿರ 1.85 ಡಿಬಿ, ಅಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಳಕು ಹೋಯ್ತು. 5 ಮೈಕ್ರಾನ್ ಸರಿದರೆ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಹೋಗಿರುತ್ತದೆ. ವರ್ಗ ಮಾಡುವ ಲೆಕ್ಕ ಆದ್ದರಿಂದ ಮೊದಲ ಮೈಕ್ರಾನ್ ಅಗ್ಗ, ಆಮೇಲಿನದ್ದು ದುಬಾರಿ. ಮೀಟರ್ ಬಡ್ಡಿ ಥರ.

ಹಾಗಾದ್ರೆ ಮನೆಗೆ ಬರೋ ಮಾಮೂಲಿ ಕನೆಕ್ಟರ್ ಅಷ್ಟು ನಿಖರವಾಗಿ ಹೇಗೆ ಕೂರುತ್ತೆ?

ಬಿಳಿ ಸೆರಾಮಿಕ್ ಕಡ್ಡಿ ನೋಡಿದ್ದೀರಲ್ಲ, ಅದರ ಹೆಸರು ಫೆರೂಲ್. ಜಿರ್ಕೋನಿಯಾದ್ದು. ಎಸ್‌ಸಿ ಅನ್ನುವ ಬಗೆಯ ಕನೆಕ್ಟರ್‌ನಲ್ಲಿ ಅದರ ವ್ಯಾಸ 2.5 ಮಿಲಿಮೀಟರ್, ಎಲ್‌ಸಿ ಅನ್ನುವ ಬಗೆಯಲ್ಲಿ 1.25. ಅದರ ನಡುವಿನ ಸಣ್ಣ ತೂತಿನಲ್ಲಿ ಫೈಬರ್ ಅಂಟಿಸಿ ತುದಿ ಪಾಲಿಶ್ ಮಾಡಿರುತ್ತಾರೆ. ಅಡಾಪ್ಟರ್ ಒಳಗೆ ಉದ್ದಕ್ಕೆ ಸೀಳಿದ ಒಂದು ಸೆರಾಮಿಕ್ ಕೊಳವೆ ಇರುತ್ತದೆ. ಎರಡು ಕಡೆಯಿಂದ ಬಂದ ಫೆರೂಲ್‌ಗಳನ್ನು ಅದು ಅಪ್ಪಿ ಹಿಡಿದು ಒಂದೇ ಗೆರೆಗೆ ತರುತ್ತದೆ, ಹಿಂದಿನ ಸ್ಪ್ರಿಂಗ್ ಎರಡೂ ತುದಿಗಳನ್ನು ಒಂದಕ್ಕೊಂದು ಒತ್ತುತ್ತದೆ. ಹೊರಗಿನ ಪ್ಲಾಸ್ಟಿಕ್ ಮೈ ಕೈಯಲ್ಲಿ ಹಿಡಿಯೋಕೆ ಮತ್ತು ಲಾಕ್ ಆಗೋಕೆ, ನಿಖರತೆಗೂ ಅದಕ್ಕೂ ಸಂಬಂಧ ಕಮ್ಮಿ. ತುಂಬಾ ಮಕ್ಕಳು ಮೊದಲ ಸಲ ಡ್ರಾಯಿಂಗ್ ಮಾಡುವಾಗ ಆ ಪ್ಲಾಸ್ಟಿಕ್‌ಗೆ ಮೈಕ್ರಾನ್ ಟಾಲರೆನ್ಸ್ ಬರೆದು ತರುತ್ತಾರೆ. ಸುಮ್ನೆ ದುಡ್ಡು ದಂಡ.

ನೀಲಿ ಕನೆಕ್ಟರ್, ಹಸಿರು ಕನೆಕ್ಟರ್ ಬರೀ ಬಣ್ಣನಾ?

ಅಲ್ಲ. ಹಸಿರು ಅಂದರೆ ಎಪಿಸಿ, ಅದರ ತುದಿಯನ್ನು 8 ಡಿಗ್ರಿ ಓರೆಯಾಗಿ ತಿಕ್ಕಿರುತ್ತಾರೆ. ತುದಿಯಲ್ಲಿ ಸ್ವಲ್ಪ ಬೆಳಕು ವಾಪಸ್ ಚಿಮ್ಮುತ್ತದೆ, ಓರೆ ಇದ್ದರೆ ಅದು ಕೋರ್‌ನಿಂದ ಹೊರಗೆ ಬಿದ್ದು ಕ್ಲಾಡಿಂಗ್‌ನಲ್ಲಿ, ಅಂದರೆ ಕೋರ್ ಸುತ್ತಲಿನ ಗಾಜಿನಲ್ಲಿ, ಸತ್ತುಹೋಗುತ್ತದೆ, ಲೇಸರ್‌ಗೆ ಮರಳಿ ಹೋಗಿ ತೊಂದರೆ ಕೊಡುವುದಿಲ್ಲ. ನೀಲಿ ಅಂದರೆ ಯುಪಿಸಿ, ಓರೆ ಇಲ್ಲ. ಎರಡನ್ನೂ ಒಂದೇ ಅಡಾಪ್ಟರ್‌ಗೆ ಸಿಕ್ಕಿಸಿದರೆ ತುದಿಗಳ ನಡುವೆ ಸಂದಿ ಬಿಡುತ್ತದೆ, ನಷ್ಟ ಜಾಸ್ತಿ, ತುದಿ ಗೀರೂ ಬೀಳಬಹುದು. "ಅಣ್ಣಾ, ಕೂತ್ಕೊಳ್ತು, ಟಕ್ ಅಂತು" ಅಂದ ಹುಡುಗನ ಸೈಟ್‌ಗೆ ನಾನೇ ಮಳೆಯಲ್ಲಿ ಹೊಸನಗರದ ತನಕ ಬೈಕ್‌ನಲ್ಲಿ ಹೋಗಿದ್ದೇನೆ. ಟಕ್ ಅಂದಿತ್ತು, ನಿಜ.

ಲೆನ್ಸ್ ಇರುವ ಕನೆಕ್ಟರ್ ಅಂತೀರಲ್ಲ, ಅದು ಏನು?

ಇದೇ ನನ್ನ ನಿಜವಾದ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಫೈಬರ್ ತುದಿಯಿಂದ ಹೊರಬಿದ್ದ ಬೆಳಕು ಟಾರ್ಚ್ ಥರ ಹರಡುತ್ತದೆ. ಅದರ ಮುಂದೆ ಸರಿಯಾದ ದೂರದಲ್ಲಿ ಒಂದು ಪುಟ್ಟ ಲೆನ್ಸ್ ಇಟ್ಟರೆ ಹರಡುವುದು ನಿಂತು ದಪ್ಪ, ನೇರ ಕೋಲಾಗಿ ಹೋಗುತ್ತದೆ. ಎದುರು ಕನೆಕ್ಟರ್‌ನಲ್ಲಿ ಇನ್ನೊಂದು ಲೆನ್ಸ್ ಅದನ್ನು ಮತ್ತೆ ಕೂಡಿಸಿ ಆ ಕಡೆಯ ಕೋರ್‌ಗೆ ಇಳಿಸುತ್ತದೆ. ಎರಡು ಲೆನ್ಸ್‌ಗಳು ಒಂದಕ್ಕೊಂದು ತಾಗುವುದೇ ಇಲ್ಲ, ನಡುವೆ ಗಾಳಿ.

ಲೆಕ್ಕ ನೋಡಿ. 1 ಮಿಲಿಮೀಟರ್ ಫೋಕಲ್ ದೂರದ ಲೆನ್ಸ್ ಹಾಕಿದರೆ 4.6 ಮೈಕ್ರಾನ್ ತ್ರಿಜ್ಯ ಸುಮಾರು 90 ಮೈಕ್ರಾನ್ ಆಗುತ್ತದೆ, ಇಪ್ಪತ್ತು ಪಟ್ಟು. ಆಗ 1 ಮೈಕ್ರಾನ್ ಸರಿದರೆ ಆಗುತ್ತಿದ್ದ 0.2 ಡಿಬಿ ನಷ್ಟಕ್ಕೆ ಈಗ ಸುಮಾರು 20 ಮೈಕ್ರಾನ್ ಸರಿಯಬೇಕು. ಧೂಳಿನ ವಿಷಯದಲ್ಲೂ ಲಾಭ. 9 ಮೈಕ್ರಾನ್ ಬಾಯಿಯ ಮೇಲೆ 5 ಮೈಕ್ರಾನ್ ಧೂಳಿನ ಕಣ ಕೂತರೆ ಹೆಚ್ಚುಕಮ್ಮಿ ಬಾಗಿಲೇ ಮುಚ್ಚಿತು. 180 ಮೈಕ್ರಾನ್ ಅಗಲದ ಬೆಳಕಿಗೆ ಅದೇ ಕಣ ಅಂಗಳದಲ್ಲಿ ಬಿದ್ದ ತೆಂಗಿನಕಾಯಿ ಅಷ್ಟೇ.

ಮತ್ತೆ ಎಲ್ಲ ಕಡೆ ಲೆನ್ಸೇ ಯಾಕೆ ಹಾಕಲ್ಲ?

ಯಾಕಂದರೆ ಪುಕ್ಕಟೆ ಏನೂ ಸಿಗುವುದಿಲ್ಲ. ಪಕ್ಕಕ್ಕೆ ಸರಿಯುವುದರಲ್ಲಿ ಇಪ್ಪತ್ತು ಪಟ್ಟು ಸಿಕ್ಕ ಸಡಿಲ, ಕೋನದಲ್ಲಿ ಇಪ್ಪತ್ತು ಪಟ್ಟು ಬಿಗಿಯಾಗುತ್ತದೆ. ಲೆನ್ಸ್ ಇಲ್ಲದ ಜೋಡಣೆಯಲ್ಲಿ ಹತ್ತಿರ ಹತ್ತಿರ 1 ಡಿಗ್ರಿ ಓರೆಯಾದರೆ ಆಗುವ 0.2 ಡಿಬಿ ನಷ್ಟ, ಇಲ್ಲಿ 0.06 ಡಿಗ್ರಿಗೂ ಕಮ್ಮಿ ಓರೆಗೇ ಆಗಿಬಿಡುತ್ತದೆ. ದಂಬೆಯ ತುದಿಗೆ ದೊಡ್ಡ ಆಲಿಕೆ ಕಟ್ಟಿದ ಹಾಗೆ ಅಂತ ಕೆಲವರು ಹೇಳುತ್ತಾರೆ, ನಾನೂ ಮೊದಲು ಹಾಗೇ ಹೇಳುತ್ತಿದ್ದೆ. ಆ ಹೋಲಿಕೆ ತಪ್ಪು. ಆಲಿಕೆ ಯಾವ ದಿಕ್ಕಿನಿಂದ ಬಿದ್ದರೂ ನೀರು ತಗೊಳ್ಳುತ್ತದೆ, ಲೆನ್ಸ್ ತಗೊಳ್ಳಲ್ಲ. ಓರೆಯಾಗಿ ಬಂದ ಬೆಳಕನ್ನು ಅದು ಕೋರ್‌ನ ಪಕ್ಕದಲ್ಲಿ ಎಲ್ಲೋ ಕೂಡಿಸಿ ಬಿಡುತ್ತದೆ.

ಅದಕ್ಕೆ ಡಿಸೈನ್ ಶುರು ಮಾಡುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮ ಜಾಗದಲ್ಲಿ ಏನು ಕೆಡುತ್ತೆ? ಧೂಳು, ಕೆಸರು, ಪದೇ ಪದೇ ಬಿಚ್ಚಿ ಹಾಕುವುದು ಇದ್ದರೆ ಲೆನ್ಸ್. ಒಮ್ಮೆ ಹಾಕಿ ಹತ್ತು ವರ್ಷ ಮುಟ್ಟದ ಜಾಗವಾದರೆ ಮಾಮೂಲಿ ಫೆರೂಲ್ ಸಾಕು, ನಷ್ಟವೂ ಕಮ್ಮಿ. ಇನ್ನೊಂದು, ಗಾಜು ಗಾಳಿ ಸೇರುವ ಪ್ರತಿ ಮುಖದಲ್ಲೂ ಮೂರೂವರೆ, ನಾಲ್ಕು ಶೇಕಡ ಬೆಳಕು ವಾಪಸ್ ಹೋಗುತ್ತದೆ, ಪ್ಲಾಸ್ಟಿಕ್‌ನಲ್ಲಿ ಇನ್ನೂ ಜಾಸ್ತಿ. ಅದಕ್ಕೆ ಕೋಟಿಂಗ್ ಹಾಕಿಸಬೇಕು, ಅದರ ಖರ್ಚು ಬೇರೆ.

ಬೆಳಕನ್ನು ತಿರುಗಿಸೋದು ಯಾಕೆ? ಫೈಬರನ್ನೇ ಬಗ್ಗಿಸಿದರೆ ಆಗಲ್ವಾ?

ಆಗುತ್ತೆ, ಜಾಗ ಇದ್ದರೆ. ಮಾಮೂಲಿ ಜಿ.652 ಅನ್ನುವ ಬಗೆಯ ಫೈಬರ್‌ನ ಬಾಗಿಗೆ 30 ಮಿಲಿಮೀಟರ್ ತ್ರಿಜ್ಯ ಅಂತ ಲೆಕ್ಕ. ಬಗ್ಗುವುದಕ್ಕೇ ಮಾಡಿದ ಜಿ.657.ಎ2ಗೆ 7.5 ಮಿಲಿಮೀಟರ್. ಆದರೆ ಸರ್ವರ್ ಒಳಗಿನ ಬೋರ್ಡ್‌ನಲ್ಲಿ ಲೇಸರ್ ಚಿಪ್ ಮಲಗಿರುತ್ತದೆ. ಅಲ್ಲಿ ಬಳಸುವ ವಿಕ್ಸೆಲ್ ಅನ್ನುವ ಲೇಸರ್ ಬೆಳಕನ್ನು ನೇರ ಮೇಲಕ್ಕೆ ಚಿಮ್ಮಿಸುತ್ತದೆ, ಸಾಮಾನ್ಯವಾಗಿ 850 ನ್ಯಾನೋಮೀಟರ್. ಫೈಬರ್ ಮಾತ್ರ ಬೋರ್ಡ್‌ಗೆ ಸಮಾನಾಂತರವಾಗಿ ಪಕ್ಕಕ್ಕೆ ಹೊರಡಬೇಕು, ಯಾಕಂದರೆ ಮೇಲೆ ಮುಂದಿನ ಬೋರ್ಡೋ ಹೀಟ್‌ಸಿಂಕೋ ಕೂತಿರುತ್ತದೆ. ಕೆಲವೇ ಮಿಲಿಮೀಟರ್ ಎತ್ತರದಲ್ಲಿ 90 ಡಿಗ್ರಿ ತಿರುವು ಬೇಕು. ಬಾಳೆಬರೆ ಘಾಟಿಯ ತಿರುವನ್ನು ಅಂಗೈ ಅಗಲದ ಜಾಗದಲ್ಲಿ ಕೂರಿಸಿ ಅಂದ ಹಾಗೆ.

ಸರಿ, 90 ಡಿಗ್ರಿ ತಿರುಗಿಸೋದು ಹೇಗೆ? ಒಳಗೆ ಕನ್ನಡಿ ಇಡ್ತೀರಾ?

ಬಹಳ ಸಲ ಬೇರೆ ಕನ್ನಡಿ ಬೇಕಾಗುವುದೇ ಇಲ್ಲ. ಒಂದು ಪಾರದರ್ಶಕ ತುಂಡಿನ ಬೆನ್ನನ್ನು 45 ಡಿಗ್ರಿ ಓರೆ ಕತ್ತರಿಸಿದರೆ ಅದೇ ಕನ್ನಡಿ. ಹೈಸ್ಕೂಲಿನಲ್ಲಿ ಪೂರ್ಣ ಆಂತರಿಕ ಪ್ರತಿಫಲನ ಅಂತ ಓದಿದ್ದೆವಲ್ಲ, ಅದು. ಫೈಬರ್ ಒಳಗೆ ಬೆಳಕು ಉಳಿಯುವುದೂ ಅದರಿಂದಲೇ. 1840ರ ದಶಕದಲ್ಲಿ ಜಿನೀವಾದ ಕೊಲಾಡಾನ್ ನೀರಿನ ಧಾರೆಯೊಳಗೆ ಬೆಳಕು ಬಗ್ಗಿ ಹೋಗುವುದನ್ನು ಜನರಿಗೆ ತೋರಿಸಿದ್ದ. ಶುದ್ಧ ಗಾಜಿನಲ್ಲಿ ದೂರದೂರಕ್ಕೆ ಬೆಳಕು ಕಳಿಸಬಹುದು ಅಂತ ಚಾರ್ಲ್ಸ್ ಕಾವ್ 1966ರಲ್ಲಿ ಬರೆದರು, 2009ರಲ್ಲಿ ನೊಬೆಲ್ ಬಂತು.

ಈ ತುಂಡುಗಳನ್ನು ಅಚ್ಚಿಗೆ ಹಾಕಲು ತುಂಬಾ ಬಳಸುವುದು ಪಾಲಿಈಥರ್‌ಇಮೈಡ್ ಅನ್ನುವ ಪ್ಲಾಸ್ಟಿಕ್. ಜೇನಿನ ಬಣ್ಣ, ಬಿಸಿ ತಡೆಯುತ್ತದೆ. ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ, 1.64ರ ಆಸುಪಾಸು. ಇದಕ್ಕೆ ಕ್ರಿಟಿಕಲ್ ಆಂಗಲ್ 37.6 ಡಿಗ್ರಿ. ಅಂದರೆ ಅದಕ್ಕಿಂತ ಜಾಸ್ತಿ ಓರೆಯಲ್ಲಿ ಬಿದ್ದ ಬೆಳಕು ಪೂರ್ತಿ ತಿರುಗುತ್ತದೆ, ಕಮ್ಮಿ ಇದ್ದರೆ ಸೋರುತ್ತದೆ. ನಮ್ಮದು 45, ಪಾಸ್.

ಆದರೆ ಒಂದು ಕೊಕ್ಕೆ ಇದೆ. ಮಲ್ಟಿ ಮೋಡ್ ಫೈಬರ್‌ನಿಂದ ಬಂದ ಬೆಳಕು ಪ್ಲಾಸ್ಟಿಕ್ ಒಳಗೆ ಎರಡೂ ಕಡೆ ಸುಮಾರು 7 ಡಿಗ್ರಿ ಹರಡಿರುತ್ತದೆ. ಅಂಚಿನ ಕಿರಣ 45 ಬದಲು 38 ಡಿಗ್ರಿಯಲ್ಲಿ ಬೀಳುತ್ತದೆ. 37.6ಕ್ಕೆ ಕೂದಲೆಳೆ ಅಂತರ. ಮಾಮೂಲಿ ಗಾಜಾಗಿದ್ದರೆ ಕ್ರಿಟಿಕಲ್ ಆಂಗಲ್ 42ರ ಹತ್ತಿರ, ಅಲ್ಲಿ ಅಂಚಿನ ಬೆಳಕು ಸೋರಿ ಹೋಗಿರುತ್ತಿತ್ತು. ಅದಕ್ಕೇ ನಾನು ಮೊದಲು ಲೆನ್ಸ್‌ನಲ್ಲಿ ಬೆಳಕನ್ನು ನೇರ ಮಾಡಿ, ಆಮೇಲೆ ತಿರುಗಿಸುವುದು. ಕೆಲವರು ಓರೆ ಬೆನ್ನನ್ನೇ ಸ್ವಲ್ಪ ಉಬ್ಬಿಸಿ ಲೆನ್ಸ್, ಕನ್ನಡಿ ಎರಡೂ ಕೆಲಸ ಒಂದರಿಂದಲೇ ಮಾಡಿಸುತ್ತಾರೆ. ಚಂದದ ಡಿಸೈನ್, ಅಚ್ಚು ಮಾಡುವವರು ಶಾಪ ಹಾಕುತ್ತಾರೆ.

45 ಡಿಗ್ರಿ ಅಂದರೆ ಕರೆಕ್ಟಾಗಿ 45 ಇರಬೇಕಾ?

ಇರಬೇಕು. ಕನ್ನಡಿ 1 ಡಿಗ್ರಿ ತಪ್ಪಿದರೆ ಬೆಳಕು 2 ಡಿಗ್ರಿ ತಪ್ಪುತ್ತದೆ. ಮುಂದಿನ ಲೆನ್ಸ್ 1 ಮಿಲಿಮೀಟರ್‌ನದ್ದಾದರೆ ಮಚ್ಚೆ ಸುಮಾರು 35 ಮೈಕ್ರಾನ್ ದೂರ ಬೀಳುತ್ತದೆ. 50 ಮೈಕ್ರಾನ್ ಕೋರ್‌ನ ತ್ರಿಜ್ಯ 25. ಲೆಕ್ಕ ನೀವೇ ಹಾಕಿ.

ಮಲೆನಾಡಿನ ಮಳೆಗೂ ಈ ಕನೆಕ್ಟರ್‌ಗೂ ಏನು ಸಂಬಂಧ? ಬೆಳಕು ನೆನೆಯುತ್ತಾ?

ಇದನ್ನು ನಾನು ಪುಸ್ತಕದಿಂದ ಕಲಿತಿದ್ದಲ್ಲ. ಒಂದು ಜುಲೈನಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಹನ್ನೆರಡು ಚಾನೆಲ್‌ನ (ಹನ್ನೆರಡು ಬೆಳಕಿನ ದಾರಿಯ) ಒಂದು ಬೋರ್ಡ್ ಪರೀಕ್ಷೆ ಮಾಡುತ್ತಿದ್ದೆ. ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ. ಬೆಳಿಗ್ಗೆ ಕರೆಂಟ್ ಬಂದಾಗ ಆನ್ ಮಾಡಿದರೆ ನಾಲ್ಕು ಚಾನೆಲ್ ನೆಲ ಕಚ್ಚಿವೆ. ಕಾಫಿ ಕುಡಿದು ಬರುವಷ್ಟರಲ್ಲಿ ಎಲ್ಲ ಸರಿ. ಮರುದಿನವೂ ಅದೇ, ಈ ಸಲ ಬೇರೆ ಚಾನೆಲ್‌ಗಳು. ಸೋಲ್ಡರ್ ಬೈದೆ, ಸಾಫ್ಟ್‌ವೇರ್ ಬರೆದವನನ್ನು ಫೋನ್‌ನಲ್ಲಿ ಬೈದೆ. ಮೂರನೇ ದಿನ ಬೋರ್ಡ್ ಪಕ್ಕದ ಕಿಟಕಿ ಗಾಜು ನೋಡಿದೆ. ಪೂರ್ತಿ ಮಂಜು. ಆ ಕೋಣೆಗೆ ತಾಗಿ ಬಚ್ಚಲು, ಹಂಡೆ ಕಾಯುತ್ತಿತ್ತು, ಹಬೆಯೆಲ್ಲ ತಣ್ಣಗಿದ್ದ ಬೋರ್ಡ್ ಮೇಲೆ ಕೂರುತ್ತಿತ್ತು. ಸಂಶಯ ಬಂದು, ಚೆನ್ನಾಗಿ ಓಡುತ್ತಿದ್ದ ಕನೆಕ್ಟರ್ ಬೆನ್ನಿಗೆ ಬಾಯಿ ತೆರೆದು ಹಾ ಅಂತ ಉಸಿರು ಬಿಟ್ಟೆ. ಮೀಟರ್ ಮುಳ್ಳು ನನ್ನ ಕಣ್ಣೆದುರೇ ಇಳಿಯಿತು. ಐದಾರು ಸೆಕೆಂಡಿಗೆ ಮತ್ತೆ ಹತ್ತಿತು.

ಕಾರಣ ಹೀಗೆ. 37.6 ಡಿಗ್ರಿ ಲೆಕ್ಕ ಓರೆ ಬೆನ್ನಿನ ಆಚೆ ಗಾಳಿ ಇದ್ದರೆ ಮಾತ್ರ. ಆಚೆ ನೀರು ಕೂತರೆ ಕ್ರಿಟಿಕಲ್ ಆಂಗಲ್ 54 ಡಿಗ್ರಿಗೆ ಏರುತ್ತದೆ. ನಮ್ಮ 45 ಈಗ ಫೇಲ್, ಹನಿ ಕೂತ ಜಾಗದಲ್ಲಿ ಕನ್ನಡಿ ಕಿಟಕಿ ಆಗಿಬಿಡುತ್ತದೆ. ಅಂಟು ಹರಿದು ಬೆನ್ನಿಗೆ ತಾಗಿದರೂ ಇದೇ ಗತಿ, ಬೆರಳಿನ ಎಣ್ಣೆಗೂ ಇದೇ. ಎಸಿ ಹಾಕಿದ ಒಣ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಕಾಣುವುದೇ ಇಲ್ಲ. ಆ ತುಂಡು ಮಾಡಿಸಿದ ಕಂಪನಿಗೆ ವಿಡಿಯೋ ಕಳಿಸಿದರೆ "ನಮ್ಮಲ್ಲಿ ಹಾಗೆ ಆಗಲ್ಲ" ಅಂತ ಉತ್ತರ ಬಂತು. ಅವರಲ್ಲಿ ಹಂಡೆ ಇಲ್ಲವಲ್ಲ.

ಅದಕ್ಕೆ ಪರಿಹಾರ?

ಎರಡು. ಒಂದು, ಓರೆ ಬೆನ್ನಿನ ಮೇಲೆ ಮುಟ್ಟದ ಹಾಗೆ ಸಣ್ಣ ಮುಚ್ಚಳ ಕೂರಿಸಿ, ಅಂಚಿಗೆ ಮಾತ್ರ ಅಂಟು ಹಾಕಿ ಒಳಗೆ ಒಣ ಗಾಳಿ ಉಳಿಸುವುದು. ಇನ್ನೊಂದು, ಬೆನ್ನಿಗೆ ಲೋಹ ಹಚ್ಚಿ ನಿಜವಾದ ಕನ್ನಡಿಯನ್ನೇ ಮಾಡುವುದು. ಆಗ ಆಚೆ ಏನಿದ್ದರೂ ಚಿಂತೆ ಇಲ್ಲ. 850 ನ್ಯಾನೋಮೀಟರ್‌ಗೆ ಚಿನ್ನ ಒಳ್ಳೆಯದು. ಅಲ್ಯೂಮಿನಿಯಂ ಅಗ್ಗ, ಆದರೆ ಸರಿಯಾಗಿ ಇದೇ ತರಂಗದ ಆಸುಪಾಸಿನಲ್ಲಿ ಅದರ ಹೊಳಪು ಕುಗ್ಗುತ್ತದೆ, ಪ್ರಕೃತಿಯ ತಮಾಷೆ. ಚಿನ್ನ ಅಂದ ಕೂಡಲೇ ನಮ್ಮ ಅತ್ತೆ ಎಷ್ಟು ಗ್ರಾಂ ಅಂತ ಕೇಳಿದರು. ಮೈಕ್ರಾನ್‌ಗಿಂತ ತೆಳು ಪದರ, ಮೂಗುಬೊಟ್ಟಿಗೂ ಸಾಲದು. ನಾನು ಈಗ ಮುಚ್ಚಳದ ದಾರಿಯನ್ನೇ ಹಿಡಿದಿದ್ದೇನೆ.

ಬಿಸಿಲಿಗೆ, ಬಿಸಿಗೆ ಏನಾದರೂ ಆಗುತ್ತಾ?

ಪ್ಲಾಸ್ಟಿಕ್ ಹಿಗ್ಗುತ್ತದೆ, ಸಿಲಿಕಾನ್ ಚಿಪ್ ಅಷ್ಟು ಹಿಗ್ಗಲ್ಲ. ಹನ್ನೆರಡು ಫೈಬರ್ 0.25 ಮಿಲಿಮೀಟರ್ ಅಂತರದಲ್ಲಿ ಸಾಲಾಗಿದ್ದರೆ ನಡುವಿನಿಂದ ಕೊನೆಯ ಫೈಬರ್‌ಗೆ ಹತ್ತಿರ ಹತ್ತಿರ 1.4 ಮಿಲಿಮೀಟರ್. 50 ಡಿಗ್ರಿ ಬಿಸಿ ಏರಿದರೆ ಕೊನೆಯದ್ದು ಮೂರೂವರೆ ಮೈಕ್ರಾನ್‌ಗೂ ಜಾಸ್ತಿ ಸರಿದಿರುತ್ತದೆ. ಮಲ್ಟಿ ಮೋಡ್‌ಗೆ ಇದು ನಗಣ್ಯ. ಸಿಂಗಲ್ ಮೋಡ್‌ಗೆ ಏನಾಗುತ್ತದೆ ಅಂತ ಮೇಲಿನ ಲೆಕ್ಕದಲ್ಲಿ ನೋಡಿಕೊಳ್ಳಿ.

ಫೈಬರ್‌ಗಳನ್ನು ಕೈಯಲ್ಲಿ ಹೊಂದಿಸ್ತೀರಾ?

ಎರಡು ದಾರಿ. ಬೆಳಕು ಆನ್ ಮಾಡಿಕೊಂಡೇ ಸೂಕ್ಷ್ಮ ಸ್ಕ್ರೂಗಳಿಂದ ಅಲ್ಲಾಡಿಸಿ, ಮೀಟರ್ ಅತಿ ಜಾಸ್ತಿ ತೋರಿಸಿದ ಜಾಗದಲ್ಲಿ ಯುವಿ ಅಂಟು ಗಟ್ಟಿ ಮಾಡುವುದು ಒಂದು. ನಿಖರ, ಆದರೆ ನಿಧಾನ, ಮತ್ತೆ ಅಂಟು ಒಣಗುವಾಗ ಕುಗ್ಗಿ ನಿಮ್ಮ ಅರ್ಧ ಗಂಟೆಯ ಕೆಲಸವನ್ನು ಎಳೆದುಬಿಡುತ್ತದೆ. ಇನ್ನೊಂದು, ಆಕಾರವೇ ಫೈಬರನ್ನು ಸರಿಯಾದ ಜಾಗಕ್ಕೆ ಕೂರಿಸುವಂತೆ ಮಾಡುವುದು. ಸಿಲಿಕಾನ್‌ನಲ್ಲಿ ಕೊರೆದ ವಿ ಆಕಾರದ ಗೀರು ಅದಕ್ಕೆ ಒಳ್ಳೆಯ ಉದಾಹರಣೆ. ಅದರ ಗೋಡೆ 54.7 ಡಿಗ್ರಿಯಲ್ಲಿ ತಾನಾಗಿ ಬರುತ್ತದೆ, ಹರಳಿನ ಗುಣವೇ ಹಾಗೆ. ಹಲವು ಫೈಬರ್ ಒಟ್ಟಿಗೆ ಹಿಡಿಯುವ ಎಂಟಿ ಫೆರೂಲ್‌ನಲ್ಲಿ ಎರಡು 0.7 ಮಿಲಿಮೀಟರ್ ಪಿನ್‌ಗಳು ಈ ಕೆಲಸ ಮಾಡುತ್ತವೆ. ಸಾವಿರಗಟ್ಟಲೆ ಮಾಡಬೇಕಾದರೆ ಎರಡನೆಯದೇ ಗತಿ.

ಇದನ್ನೆಲ್ಲ ಶಿವಮೊಗ್ಗದಲ್ಲೇ ಮಾಡಿಸಬಹುದಾ?

ಡಿಸೈನ್, ಜೋಡಣೆ, ಪರೀಕ್ಷೆ ಎಲ್ಲ ಇಲ್ಲೇ. ಲೆನ್ಸ್ ಅಚ್ಚು ಮಾತ್ರ ಹೊರಗೆ. ಶಿವಮೊಗ್ಗದಲ್ಲಿ ಎರಕದ ಕೆಲಸ ಬಲ್ಲವರಿಗೆ ಬರ ಇಲ್ಲ, ಆದರೆ ಫೌಂಡ್ರಿಯವರಿಗೆ ಮೈಕ್ರಾನ್ ಅಂದರೆ ನನ್ನ ಮುಖ ನೋಡಿ "ಸ್ವಾಮಿ, ಮಿಲಿಮೀಟರ್ ಹೇಳಿ" ಅನ್ನುತ್ತಾರೆ.

ಕಾಲೇಜ್ ಪ್ರಾಜೆಕ್ಟ್‌ಗೆ ಕಮ್ಮಿ ಖರ್ಚಿನಲ್ಲಿ ಏನು ಮಾಡಬಹುದು?

ಗಾಜಿನ ಲೋಟಕ್ಕೆ ನೀರು ತುಂಬಿ, ಮೇಲಿನಿಂದ ಓರೆಯಾಗಿ ಒಳಗೋಡೆ ನೋಡಿ. ಬೆಳ್ಳಿಯ ಹಾಗೆ ಹೊಳೆಯುತ್ತದೆ. ಈಗ ಹೊರಗಿನಿಂದ ಒದ್ದೆ ಬೆರಳನ್ನು ಒತ್ತಿ ಹಿಡಿಯಿರಿ. ಬೆರಳಿನ ಗೆರೆಗಳು ತಾಗಿದ ಕಡೆ ಮಾತ್ರ ಬೆಳ್ಳಿ ಅಳಿಸಿ, ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿ ಕಾಣುತ್ತದೆ. ನನ್ನ ಬೋರ್ಡ್‌ಗೆ ಆಗಿದ್ದು ಅದೇ. ಇಲ್ಲಿಂದ ಮುಂದೆ ಹಳೆಯ ಬೈನಾಕ್ಯುಲರ್‌ನ ಪ್ರಿಸಂ, ಕೇಬಲ್ ಹುಡುಗರ ಹತ್ತಿರ ಇರುವ ಕೆಂಪು ಬೆಳಕಿನ ಪೆನ್, ಒಂದು ತುಂಡು ಮಲ್ಟಿ ಮೋಡ್ ಪ್ಯಾಚ್ ಕಾರ್ಡ್ (ತುದಿಗೆ ಕನೆಕ್ಟರ್ ಹಾಕಿದ ಗಿಡ್ಡ ಫೈಬರ್ ಕೇಬಲ್) ಇದ್ದರೆ ಸಾಕು. ತಿರುಗಿಸಿ, ಹಿಡಿಯಿರಿ, ಎಷ್ಟು ಸರಿದರೆ ಎಷ್ಟು ನಷ್ಟ ಅಂತ ಗ್ರಾಫ್ ಹಾಕಿ. ಡಾಟಾ ಸೆಂಟರ್ ಅಂತ ದೊಡ್ಡ ಟೈಟಲ್ ಇಟ್ಟು ಬರೀ ಸಿಮ್ಯುಲೇಶನ್ ತೋರಿಸುವುದಕ್ಕಿಂತ ಇದು ಎಷ್ಟೋ ವಾಸಿ.

ತುದಿಯನ್ನು ಅಂಗಿಯಲ್ಲಿ ಒರೆಸಿದರೆ ಏನಾಗುತ್ತೆ?

ಅಂಗಿಯ ನಾರು, ಬೆವರಿನ ಉಪ್ಪು ಎರಡೂ ತುದಿಗೆ ಹೋಗುತ್ತವೆ. ನಾರು ಬಿಡದ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್, ಆಮೇಲೆ ಒಣ ಬಟ್ಟೆ. ಸಿಕ್ಕಿಸುವ ಮೊದಲು ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಬರಿಗಣ್ಣಲ್ಲಿ ತುದಿಯೊಳಗೆ ಇಣುಕಬೇಡಿ, ಈ ಬೆಳಕು ಕಣ್ಣಿಗೆ ಕಾಣಲ್ಲ, ಕಣ್ಣನ್ನು ಮಾತ್ರ ಸುಡಬಲ್ಲದು.

ಮಳೆ ಬಂದಾಗಲೆಲ್ಲ ನಮ್ಮನೆ ಇಂಟರ್ನೆಟ್ ಹೋಗುತ್ತೆ, ನೀವೇ ಒಮ್ಮೆ ನೋಡಿಕೊಡ್ತೀರಾ?

ಇದು ಪಂಕ್ತಿಯ ಪ್ರಶ್ನೆ. ಡಬ್ಬಿಯಲ್ಲಿ ಎಲ್‌ಒಎಸ್ ಅಂತ ಕೆಂಪು ದೀಪ ಬಂದರೆ ಬೆಳಕೇ ಬರುತ್ತಿಲ್ಲ, ತೋಟದ ಅಂಚಿನಲ್ಲಿ ಕೇಬಲ್ ಮೇಲೆ ಕೊಂಬೆ ಬಿದ್ದಿದೆಯಾ ನೋಡಿ. ಕೆಂಪು ದೀಪ ಇಲ್ಲ, ಆದರೂ ನಿಧಾನ ಅಂದರೆ ಹಿಂದಿನ ಹಸಿರು ಕನೆಕ್ಟರ್ ಸಡಿಲ ಆಗಿರಬಹುದು, ಇಲ್ಲವೇ ಕೇಬಲನ್ನು ಮೊಳೆಗೆ ಗಂಟು ಹಾಕಿ ನೇತು ಹಾಕಿರುತ್ತೀರಿ. ಗಂಟು ಬಿಚ್ಚಿ. ಅದಕ್ಕೂ ಸರಿ ಹೋಗದಿದ್ದರೆ ಕೇಬಲ್ ಹುಡುಗನಿಗೆ ಫೋನ್ ಮಾಡಿ ಅತ್ತಿಗೆ, ಅವನ ಹತ್ತಿರ ಮೀಟರ್ ಇರುತ್ತದೆ, ನನ್ನ ಹತ್ತಿರ ಇರುವ ಮೀಟರ್ ಆ ಬೋರ್ಡ್ ಬಿಟ್ಟು ಏಳಲ್ಲ.